ಬೆಳಗಿನ ತಿಂಡಿಯ ಪೂರ್ವೋತ್ತರ

ಪಟ್ಟಣದ ಸಂಸಾರಗಳಲ್ಲಿ ಬೆಳಗಾದೊಡನೆ ಏಳುವ ಮೊದಲನೆಯ ಪ್ರಶ್ನೆ ರಾಜಕೀಯದ್ದೂ ಅಲ್ಲ, ವೇದಾಂತದ್ದೂ ಅಲ್ಲ, “ಇವತ್ತು ತಿಂಡಿಗೇನು?” ಎಂಬುದು. ಕೇಳುವವರು ಮನೆಮಂದಿಯೆಲ್ಲ, ಉತ್ತರ ಹೇಳಬೇಕಾದವರು ಸಾಮಾನ್ಯವಾಗಿ ಒಬ್ಬರೇ. ಹಿಂದಿನ ದಿನ ಅಕ್ಕಿ-ಉದ್ದು ನೆನೆಹಾಕಿ ರುಬ್ಬಿಟ್ಟಿದ್ದರೆ ಸರಿ. ಇಲ್ಲವಾದರೆ ಆಕೆ ಡಬ್ಬಿಗಳ ಸಾಲಿನ ಕಡೆ ತಿರುಗುತ್ತಾಳೆ. ಒಂದರಲ್ಲಿ ರವೆ, ಇನ್ನೊಂದರಲ್ಲಿ ಅವಲಕ್ಕಿ, ಮತ್ತೊಂದರಲ್ಲಿ ಅಕ್ಕಿಹಿಟ್ಟೋ ಮಂಡಕ್ಕಿಯೋ ಇದ್ದೇ ಇರುತ್ತದೆ. ಒಗ್ಗರಣೆ ಸಿಡಿಯುವ ಸದ್ದು ಕೇಳಿಸಿದ ಕಾಲು ಗಂಟೆಯೊಳಗೆ ತಟ್ಟೆಗೆ ಬಿಸಿಬಿಸಿಯಾಗಿ ಏನೋ ಬಂದು ಬೀಳುತ್ತದೆ. ತಿನ್ನುವವರು “ಮತ್ತೆ ಉಪ್ಪಿಟ್ಟೇ?” ಎಂದು ಮೂಗು ಮುರಿದು, ತಟ್ಟೆ ಬರಿದು ಮಾಡಿ, ಕೆಲಸಕ್ಕೆ ಹೊರಡುತ್ತಾರೆ. ಹೀಗೆ ಮೂಗು ಮುರಿಸಿಕೊಳ್ಳುವ ಈ ಅಗ್ಗದ ತಿಂಡಿಗೂ ಒಂದು ಚರಿತ್ರೆಯುಂಟು. ಅದು ಬಹುಮಟ್ಟಿಗೆ ನಮ್ಮ ಹಸಿವಿನ ಚರಿತ್ರೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ನಾನು ಕನ್ನಡ ಪಾಠ ಹೇಳುವವನು. ಪಾಕಶಾಸ್ತ್ರ ನನ್ನ ವಿಷಯವಲ್ಲ. ಆದುದರಿಂದ ನನಗೆ ಪರಿಚಯವಿರುವ ಬಾಗಿಲಿನಿಂದ, ಎಂದರೆ ಪದಗಳ ಬಾಗಿಲಿನಿಂದಲೇ, ಅಡುಗೆಮನೆಯನ್ನು ಹೊಗುತ್ತೇನೆ. ಕನ್ನಡದಲ್ಲಿ ‘ಉಣ್ಣು’ ಬೇರೆ, ‘ತಿನ್ನು’ ಬೇರೆ. ಅನ್ನವನ್ನು, ಮುದ್ದೆಯನ್ನು ಉಣ್ಣುತ್ತೇವೆ, ಉಂಡದ್ದು ಊಟ. ತಿಂದದ್ದು ತಿಂಡಿ. ಊಟಕ್ಕೆ ಎಲೆ, ಪಂಕ್ತಿ, ಹೊತ್ತು ಎಲ್ಲವೂ ಬೇಕು. ತಿಂಡಿಗೆ ಅದಾವುದರ ಗೊಡವೆಯೂ ಇಲ್ಲ. ನಮ್ಮ ಹಿರಿಯರು ಸಂಸಾರದ ನೆಮ್ಮದಿಯನ್ನು ಅಳೆಯುತ್ತಿದ್ದುದು ‘ಎರಡು ಹೊತ್ತಿನ ಊಟಕ್ಕೆ ಕೊರತೆಯಿಲ್ಲ’ ಎಂಬ ಮಾತಿನಿಂದ. ಆ ಮಾತಿನಲ್ಲಿ ಬೆಳಗಿನ ತಿಂಡಿಗೆ ಜಾಗವೇ ಇಲ್ಲ. ಅದು ಲೆಕ್ಕಕ್ಕೆ ಸೇರಿದ್ದು ಈಚೆಗೆ.

ಇನ್ನು ಅದಕ್ಕಿರುವ ಬೇರೆ ಹೆಸರುಗಳನ್ನು ನೋಡಿ. ಉತ್ತರ ಕರ್ನಾಟಕದವರ ‘ನಾಷ್ಟಾ’ ಪಾರಸಿಯಿಂದ ಬಂದ ಮಾತು; ಮೂಲದಲ್ಲಿ ಅದಕ್ಕೆ ಬೆಳಗಿನಿಂದ ಏನೂ ತಿನ್ನದ ಖಾಲಿ ಹೊಟ್ಟೆಯ ಸ್ಥಿತಿ ಎಂದರ್ಥ. ಇಂಗ್ಲಿಷಿನ ‘ಬ್ರೇಕ್‌ಫಾಸ್ಟ್’ ಎಂದರೆ ಉಪವಾಸವನ್ನು ಮುರಿಯುವುದು. ನಮ್ಮ ‘ಫಲಾಹಾರ’ವಾದರೂ ಏನು? ಒಪ್ಪತ್ತಿನ ರಾತ್ರಿ ಅನ್ನ ಉಣ್ಣಬಾರದೆಂಬ ನಿಯಮವಿದ್ದ ಮನೆಗಳಲ್ಲಿ ಅನ್ನದ ಬದಲು ತೆಗೆದುಕೊಳ್ಳುತ್ತಿದ್ದ ಲಘು ಆಹಾರ. ಹೆಸರಿನಲ್ಲಿ ಫಲವಿದ್ದರೂ ತಟ್ಟೆಯಲ್ಲಿ ಇರುತ್ತಿದ್ದುದು ಅವಲಕ್ಕಿ, ಉಪ್ಪಿಟ್ಟು, ದೋಸೆ. ಬಾಯಿಮಾತಿನಲ್ಲಿ ಅದು ‘ಪಲಾರ’ವಾಯಿತು, ತಮಿಳರಲ್ಲಿಯೂ ‘ಪಲಹಾರಂ’ ಎಂದರೆ ತಿಂಡಿಯೇ. ಪಾರಸಿ, ಇಂಗ್ಲಿಷ್, ಸಂಸ್ಕೃತ, ಈ ಮೂರು ಭಾಷೆಗಳಿಂದ ಬಂದ ಮೂರು ಹೆಸರುಗಳ ಹೊಟ್ಟೆಯೊಳಗೂ ಉಪವಾಸ ಕುಳಿತಿದೆ. ಇದು ಕೇವಲ ಪದಚಮತ್ಕಾರವಲ್ಲ. ಹಸಿವಿನ ನೆರಳು ಈ ತಿಂಡಿಗಳನ್ನು ಉದ್ದಕ್ಕೂ ಹಿಂಬಾಲಿಸಿಕೊಂಡು ಬಂದಿದೆ.

ತಿಂಡಿಯ ಚರಿತ್ರೆ ಎಂದೊಡನೆ ಹಳಗನ್ನಡ ಬಲ್ಲವರು ಇಡ್ಲಿಯನ್ನು ಎತ್ತಿಕೊಳ್ಳುವುದು ರೂಢಿ. ಹತ್ತನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರಿದೆ. ಸುಮಾರು ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸುವ ವಿವರವುಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ‘ಇಡ್ಡರಿಕಾ’, ‘ಧೋಸಕ’ ಎಂಬ ತಿನಿಸುಗಳು ಬರುತ್ತವೆ. ಅಲ್ಲಿನ ಇಡ್ಡರಿಕೆಯಲ್ಲಿ ಅಕ್ಕಿಯಿಲ್ಲ, ಉದ್ದು ಮಾತ್ರ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಒಂದು ‘ಸೂಪಶಾಸ್ತ್ರ’ವನ್ನೇ ರಚಿಸಿದನು. ಅಡುಗೆಯನ್ನು ಕಾವ್ಯದ ಛಂದಸ್ಸಿನಲ್ಲಿ ಹೇಳಬಹುದೆಂದು ತೋರಿಸಿದ ನಾಡು ನಮ್ಮದು ಎಂದು ಹೆಮ್ಮೆಪಡಬಹುದು.

ಆದರೆ ಒಂದು ಮಾತನ್ನು ಮರೆಯಬಾರದು. ಈ ಗ್ರಂಥಗಳ ಅಡುಗೆಮನೆಗಳು ಅರಸರವು, ಸಿರಿವಂತರವು. ಅಲ್ಲಿ ನೆನೆಯಿಸುವವರು ಬೇರೆ, ರುಬ್ಬುವವರು ಬೇರೆ, ಬಡಿಸುವವರು ಬೇರೆ. ಹೊತ್ತಿನ ಅಭಾವವಾಗಲಿ ಕಾಸಿನ ಅಭಾವವಾಗಲಿ ಇಲ್ಲದ ಮನೆಯಲ್ಲಿ ಸುಲಭದ ತಿಂಡಿಯ ಅಗತ್ಯವೇ ಹುಟ್ಟುವುದಿಲ್ಲ. ನಮಗೆ ಬೇಕಾದುದು ಬಡವನ ಮನೆಯ ಅಡಕಲ ಗಡಿಗೆ. ಅದರೊಳಗೆ ಏನಿತ್ತೆಂಬುದನ್ನು ಪಾಕಶಾಸ್ತ್ರಗಳು ಬರೆದಿಡಲಿಲ್ಲ. ಅಚ್ಚರಿಯ ಮಾತೆಂದರೆ, ಪುರಾಣಗಳೂ ಕವಿಗಳೂ ಬರೆದಿಟ್ಟರು.

ಮಹಾಭಾರತದ ಅಶ್ವಮೇಧಪರ್ವದಲ್ಲಿ ಒಂದು ಕಥೆ ಬರುತ್ತದೆ. ಧರ್ಮರಾಯನ ಯಾಗ ಮುಗಿದು ಎಲ್ಲರೂ ಅದನ್ನು ಕೊಂಡಾಡುತ್ತಿರುವಾಗ, ಅರ್ಧ ಮೈ ಚಿನ್ನವಾಗಿದ್ದ ಮುಂಗುಸಿಯೊಂದು ಬಂದು, ಈ ಯಾಗ ಕುರುಕ್ಷೇತ್ರದ ಬಡವನೊಬ್ಬನ ಒಂದು ಸೇರು ಹಿಟ್ಟಿಗೆ ಸಮನಲ್ಲವೆಂದು ಹೇಳುತ್ತದೆ. ಬರಗಾಲದಲ್ಲಿ ಹೊಲದ ಕಾಳನ್ನು ಆಯ್ದು ತಂದು, ಹುರಿದು, ಹಿಟ್ಟು ಮಾಡಿಕೊಂಡು, ಗಂಡ, ಹೆಂಡತಿ, ಮಗ, ಸೊಸೆ ನಾಲ್ವರೂ ಪಾಲು ಹಾಕಿಕೊಂಡು ಕುಳಿತಾಗ ಅತಿಥಿಯೊಬ್ಬ ಬರುತ್ತಾನೆ. ನಾಲ್ವರೂ ಒಬ್ಬರಾದ ಮೇಲೆ ಒಬ್ಬರು ತಮ್ಮ ಪಾಲನ್ನು ಕೊಟ್ಟುಬಿಡುತ್ತಾರೆ. ಅಲ್ಲಿ ಚೆಲ್ಲಿದ ಹಿಟ್ಟಿನ ಮೇಲೆ ಹೊರಳಿದುದರಿಂದ ಮುಂಗುಸಿಯ ಅರ್ಧ ಮೈ ಚಿನ್ನವಾಯಿತಂತೆ. ಉಳಿದರ್ಧವನ್ನು ಚಿನ್ನ ಮಾಡುವ ಶಕ್ತಿ ಚಕ್ರವರ್ತಿಯ ಯಾಗಕ್ಕೆ ಇರಲಿಲ್ಲ. ಆ ಹಿಟ್ಟಿನ ಹೆಸರು ‘ಸಕ್ತು’. ಹಿಂದಿ ಸೀಮೆಯ ಸತ್ತು ಅದೇ; ನಮ್ಮ ಹುರಿಹಿಟ್ಟು ಅದರ ತಂಗಿ. ಋಗ್ವೇದದ ಹತ್ತನೆಯ ಮಂಡಲದಲ್ಲಿ ತಿಳಿದವರು ಮಾತನ್ನು ಸೋಸಿ ಆಡುವುದಕ್ಕೆ ಕೊಟ್ಟಿರುವ ಉಪಮಾನವೂ ಜರಡಿಯಲ್ಲಿ ಸಕ್ತುವನ್ನು ಸೋಸುವುದೇ. ಅಷ್ಟು ಹಿಂದೆಯೇ ಅದು ಮನೆಮನೆಯ ವಸ್ತುವಾಗಿತ್ತು ಎಂದಾಯಿತು.

ಎರಡನೆಯ ಕಥೆ ಎಲ್ಲರಿಗೂ ತಿಳಿದುದು: ಕುಚೇಲನ ಅವಲಕ್ಕಿ. ಆದರೆ ಭಾಗವತದ ದಶಮ ಸ್ಕಂಧದಲ್ಲಿರುವ ಒಂದು ವಿವರವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆ ಅವಲಕ್ಕಿ ಕುಚೇಲನ ಮನೆಯದ್ದೂ ಆಗಿರಲಿಲ್ಲ. ಅವನ ಹೆಂಡತಿ ನೆರೆಹೊರೆಯಲ್ಲಿ ಬೇಡಿ ತಂದ ನಾಲ್ಕು ಹಿಡಿ. ಹಳೆಯ ಬಟ್ಟೆಯ ಚೂರಿನಲ್ಲಿ ಕಟ್ಟಿಕೊಟ್ಟವಳೂ ಅವಳೇ. ಮೂರನೆಯದು ನಮ್ಮ ಕನಕದಾಸರ ‘ರಾಮಧಾನ್ಯಚರಿತೆ’. ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂಬ ವಿವಾದದಲ್ಲಿ ಅಕ್ಕಿಯೂ ರಾಗಿಯೂ ಜಗಳವಾಡುತ್ತವೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಕೆಟ್ಟಿತ್ತು. ರಾಗಿ ಇಟ್ಟಂತೆಯೇ ಇತ್ತು. ಕುಲದ ಮೇಲು-ಕೀಳಿನ ವಿಚಾರವನ್ನು ಈ ಕಾವ್ಯದಲ್ಲಿ ಕಾಣುವವರು ಸರಿಯಾಗಿಯೇ ಕಾಣುತ್ತಾರೆ. ಆದರೆ ಅದು ಸಂಸಾರ ನಡೆಸುವವರ ಕಾವ್ಯವೂ ಹೌದು. ಯಾವ ಧಾನ್ಯ ಆರು ತಿಂಗಳು ಹುಳು ಹಿಡಿಯದೆ ಉಳಿಯುತ್ತದೆಯೋ ಅದೇ ಬಡವನ ಮನೆಯ ದೊಡ್ಡ ಧಾನ್ಯ. ಹಗೇವಿನಲ್ಲಿ ತುಂಬಿಟ್ಟ ರಾಗಿ ಬರದ ವರ್ಷದಲ್ಲಿ ಜೀವ ಉಳಿಸುತ್ತಿತ್ತು. ೧೮೭೬-೭೮ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಹಗೇವುಗಳೂ ಬರಿದಾದವು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷಕ್ಕೂ ಮೇಲಿದ್ದ ಮೈಸೂರು ಸೀಮೆಯ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷದಷ್ಟಕ್ಕೆ ಇಳಿದಿತ್ತು. ಡಬ್ಬಿ ಬರಿದಾಗುವುದು ಎಂದರೆ ಏನೆಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ.

ಹುರಿಹಿಟ್ಟು, ಅವಲಕ್ಕಿ, ಮಂಡಕ್ಕಿ ಇವುಗಳಿಗೆ ಸಮಾನವಾದ ಗುಣ ಒಂದುಂಟು. ಇವೆಲ್ಲ ನಮ್ಮ ಮನೆಗೆ ಬರುವ ಮೊದಲೇ ಬೆಂಕಿಯನ್ನು ಕಂಡು ಬಂದವು. ಭತ್ತವನ್ನು ಬಿಸಿನೀರಿನಲ್ಲಿ ನೆನೆಯಿಸಿ, ಹಸಿಯಾಗಿರುವಾಗಲೇ ಹುರಿದು, ಬಿಸಿ ಆರುವ ಮುನ್ನ ಒನಕೆಯಿಂದ ಕುಟ್ಟಿದರೆ ಅವಲಕ್ಕಿ. ಕುದಿಸಿ ಒಣಗಿಸಿದ ಭತ್ತದ ಅಕ್ಕಿಯನ್ನು ಉಪ್ಪುನೀರು ತಾಕಿಸಿ ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ. ರಾಗಿಗೆ ನೀರು ಚಿಮುಕಿಸಿ, ಅರಳು ಸಿಡಿಯುವಂತೆ ಹುರಿದು ಬೀಸಿದರೆ ಹುರಿಹಿಟ್ಟು. ಆದುದರಿಂದಲೇ ಇವಕ್ಕೆ ಬೆಳಿಗ್ಗೆ ಸೌದೆ ಬೇಡ, ಸಮಯ ಬೇಡ. ನೀರೋ ಮಜ್ಜಿಗೆಯೋ ಇದ್ದರೆ ಸಾಕು. ಬುತ್ತಿ ಕಟ್ಟಿಕೊಂಡು ಹೊರಡುವ ದಾರಿಹೋಕನೂ ಹೊಲಕ್ಕೆ ಹೋಗುವ ರೈತನೂ ಇವನ್ನು ನಂಬಿದ್ದುದು ಇದಕ್ಕಾಗಿ. ನಮಗೆ ಸುಲಭವಾಗಿರುವುದು ಇನ್ನೊಬ್ಬರು ಮೊದಲೇ ಕಷ್ಟಪಟ್ಟುದರಿಂದ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಾವನ್ನೂ ಹೊಗೆಯನ್ನೂ ಒಮ್ಮೆ ಹತ್ತಿರದಿಂದ ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದೇ ವಸ್ತುವನ್ನು ನಾಡಿನ ಬೇರೆ ಬೇರೆ ಭಾಗದವರು ಬೇರೆ ಬೇರೆ ಬಗೆಯಲ್ಲಿ ಪಳಗಿಸಿಕೊಂಡಿರುವುದು ನೋಡತಕ್ಕ ವಿಷಯ. ಮೈಸೂರಿನವರು ಗಟ್ಟಿ ಅವಲಕ್ಕಿಯನ್ನು ತರಿಯಾಗಿ ಪುಡಿ ಮಾಡಿ, ಹುಣಿಸೆಹುಳಿ, ಬೆಲ್ಲ, ಸಾರಿನ ಪುಡಿಗಳ ನೀರಿನಲ್ಲಿ ನೆನೆಯಿಸಿ ಗೊಜ್ಜವಲಕ್ಕಿ ಮಾಡುತ್ತಾರೆ. ಧಾರವಾಡದವರು ತೆಳು ಅವಲಕ್ಕಿಗೆ ಎಣ್ಣೆ, ಮಸಾಲೆಪುಡಿ ಹಚ್ಚಿ ಕಲಸುತ್ತಾರೆ. ಒಲೆಯ ಹಂಗೇ ಇಲ್ಲದ ಆ ತಿಂಡಿಗೆ ‘ಹಚ್ಚಿದ ಅವಲಕ್ಕಿ’ ಎಂದೇ ಹೆಸರು. ತುಳುನಾಡಿನಲ್ಲಿ ಉಪ್ಪಿಟ್ಟು ಸಜ್ಜಿಗೆಯಾಗಿ, ಅವಲಕ್ಕಿ ‘ಬಜಿಲ್’ ಆಗಿ, ಎರಡೂ ಒಂದೇ ತಟ್ಟೆಯಲ್ಲಿ ಕೂಡಿ ‘ಸಜ್ಜಿಗೆ ಬಜಿಲ್’ ಆಗುತ್ತವೆ. ದಾವಣಗೆರೆಯಿಂದ ಬಳ್ಳಾರಿಯವರೆಗೆ ನೀರಿನಲ್ಲಿ ಅದ್ದಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿಯ ಹಿಟ್ಟು ಉದುರಿಸುತ್ತಾರೆ. ಇವೆಲ್ಲವನ್ನೂ ಕಂಡುಹಿಡಿದವರು ಯಾರೆಂದು ಕೇಳಿದರೆ ಹೇಳುವುದಕ್ಕೆ ಹೆಸರಿಲ್ಲ. ಮನೆಯಲ್ಲಿ ಇದ್ದುದರಲ್ಲಿಯೇ ದಿನ ದೂಡಬೇಕಾಗಿದ್ದ ಸಾವಿರಾರು ಗೃಹಿಣಿಯರ ಬುದ್ಧಿ ಎನ್ನಬೇಕಷ್ಟೆ.

ಆದರೆ ಇವುಗಳಿಗಿಂತಲೂ ಹೆಚ್ಚು ಜನ ಬೆಳಿಗ್ಗೆ ತಿನ್ನುತ್ತಿದ್ದ ಇನ್ನೊಂದು ಆಹಾರವುಂಟು. ಅದನ್ನು ಹೇಳಲು ನಮಗೆ ಸಂಕೋಚ. ಅದೇ ತಂಗಳು. ರಾತ್ರಿ ಉಳಿದ ಅನ್ನಕ್ಕೆ ನೀರು ಹೊಯ್ದಿಟ್ಟು ಬೆಳಿಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿಯೊಡನೆ ಉಣ್ಣುವುದು. ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವುದು. ಬಯಲುಸೀಮೆಯ ಅಂಬಲಿ, ಕರಾವಳಿಯ ಕುಚ್ಚಲಕ್ಕಿ ಗಂಜಿ, ಬಡಗಣ ನಾಡಿನ ನಿನ್ನೆಯ ಕಟಕ ರೊಟ್ಟಿ, ಇವೇ ದುಡಿಯುವ ಜನರ ಬೆಳಗಿನ ಆಹಾರ. ಮಡಿವಂತರ ಮನೆಗಳಲ್ಲಿಯೂ ಹಿರಿಯರು ಪೂಜೆಯಾಗುವವರೆಗೆ ಏನನ್ನೂ ಮುಟ್ಟದಿದ್ದರೂ ಮಕ್ಕಳಿಗೆ ತಂಗಳನ್ನದ ವಿನಾಯಿತಿಯಿತ್ತು. ‘ಕೂಳು’ ಎಂಬ ಮಾತು ಹಳಗನ್ನಡದಲ್ಲಿ ಅನ್ನಕ್ಕೆ ಇದ್ದ ಮರ್ಯಾದೆಯ ಹೆಸರು. ಇಂದು ‘ಕೂಳಿಗೆ ದಂಡ’ ಎಂಬ ಬೈಗುಳಲ್ಲಿ ಬಿದ್ದಿದೆ. ತಂಗಳಿಗೂ ಅದೇ ಗತಿಯಾಯಿತು. ಬಡವರು ಉಣ್ಣುವ ವಸ್ತುವಿನ ಹೆಸರು ಬಹುಕಾಲ ಮರ್ಯಾದೆಯಿಂದ ಬಾಳುವುದಿಲ್ಲವೋ ಏನೋ! ಶಿವನು ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಮೆಚ್ಚಿ ಉಂಡನೆಂದು ಶರಣರು ಹಾಡಿದರು. ನಾವು ಹಾಡನ್ನು ಉಳಿಸಿಕೊಂಡು ಅಂಬಲಿಯನ್ನು ಕೈಬಿಟ್ಟೆವು.

ಹಾಗಾದರೆ ಒಪ್ಪತ್ತಿನ ರಾತ್ರಿಯ ಉಪ್ಪಿಟ್ಟು-ಅವಲಕ್ಕಿಗಳು ದಿನವೂ ಬೆಳಿಗ್ಗೆ ಬರತೊಡಗಿದುದು ಹೇಗೆ? ನನ್ನ ಉತ್ತರ: ಗಡಿಯಾರದಿಂದ. ಹತ್ತು ಗಂಟೆಗೆ ಕಚೇರಿ ಆರಂಭವಾಗುತ್ತಿದ್ದ ಕಾಲದಲ್ಲಿ ಗುಮಾಸ್ತರು ಒಂಬತ್ತೂವರೆಗೆ ಅನ್ನ-ಸಾರು ಉಂಡೇ ಹೊರಡುತ್ತಿದ್ದರು. ತಿಂಡಿ ಏನಿದ್ದರೂ ಮಧ್ಯಾಹ್ನದ ಮೇಲೆ. ‘ಟಿಫಿನ್’ ಎಂಬ ಮಾತೂ ಆಂಗ್ಲೋ-ಇಂಡಿಯನ್ನರ ಮಧ್ಯಾಹ್ನದ ಲಘು ಆಹಾರಕ್ಕೇ ಹುಟ್ಟಿದ್ದು. ಆಮೇಲೆ ಬೆಳಗಿನ ಜಾವವೇ ಶಿಳ್ಳೆ ಹಾಕುವ ಕಾರ್ಖಾನೆಗಳು ಬಂದವು. ಬೆಂಗಳೂರಿನಲ್ಲಿ ೧೯೪೦ರಲ್ಲಿ ವಿಮಾನ ಕಾರ್ಖಾನೆ, ೧೯೪೮ರಲ್ಲಿ ಟೆಲಿಫೋನ್ ಕಾರ್ಖಾನೆ, ೧೯೫೩ರಲ್ಲಿ ಎಚ್.ಎಂ.ಟಿ. ಶಿಫ್ಟಿಗೆ ಹೊರಡುವವನಿಗೆ ಮುಂಜಾನೆ ಆರಕ್ಕೆ ಅನ್ನ-ಸಾರು ಸೇರುವುದಿಲ್ಲ. ಮಕ್ಕಳ ಶಾಲೆಗೂ ಹೊತ್ತು ಕಾಯುವ ಅಭ್ಯಾಸವಿಲ್ಲ. ಬೆಳಗಿನ ಕಾಫಿ ಅದಾಗಲೇ ಮನೆಯೊಳಗೆ ಕಾಲಿಟ್ಟಿತ್ತು. ಅದರ ಜೊತೆಗೆ ಬೇಗ ಆಗುವ ಏನಾದರೊಂದು ಬೇಕಾಯಿತು. ಉಪವಾಸದ ತಿಂಡಿ ಹೀಗೆ ಉದ್ಯೋಗದ ತಿಂಡಿಯಾಯಿತು.

ಇಲ್ಲಿ ಉಪ್ಪಿಟ್ಟಿನ ಹೆಸರನ್ನು ಕೊಂಚ ಬಿಡಿಸಿ ನೋಡಬೇಕು. ಉಪ್ಪು ಮತ್ತು ಹಿಟ್ಟು ಸೇರಿ ಉಪ್ಪಿಟ್ಟು. ತಮಿಳಿನ ‘ಉಪ್ಪುಮಾವು’ ಕೂಡ ಉಪ್ಪು ಮತ್ತು ಹಿಟ್ಟೇ. ಹೆಸರಿನಲ್ಲಿ ಹಿಟ್ಟಿದೆ, ರವೆಯಿಲ್ಲ. ಅಕ್ಕಿಹಿಟ್ಟಿನ ಉಪ್ಪಿಟ್ಟು ಮಾಡುವ ಮನೆಗಳು ಈಗಲೂ ಉಂಟು. ಅಕ್ಕಿತರಿಯದು ಎಲ್ಲರಿಗೂ ಗೊತ್ತು. ಗೋಧಿ ಬೆಳೆಯದ ದಕ್ಷಿಣದ ಜಿಲ್ಲೆಗಳಲ್ಲಿ ಗೋಧಿರವೆ ಹೊರಗಿನಿಂದ ಬಂದ ಅತಿಥಿ. ‘ಬಾಂಬೆ ರವೆ’ ಎಂಬ ಹೆಸರಿನಲ್ಲಿಯೇ ಪರಸ್ಥಳದ ಗುರುತು ಉಳಿದಿದೆ. ಈ ಅತಿಥಿ ಮನೆಯವನೇ ಆಗಿಬಿಟ್ಟುದಕ್ಕೆ ಕಾರಣ ಮತ್ತೆ ಅಭಾವವೇ. ೧೯೪೨ರಲ್ಲಿ ಬರ್ಮಾ ಜಪಾನಿನ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಇಲ್ಲಿಯೂ ಅಕ್ಕಿಗೆ ರೇಷನ್ನಾಯಿತು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮಿನವರು, ಆ ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದ್ದೇ ರವೆ ಇಡ್ಲಿಯ ಹುಟ್ಟು ಎಂದು ಹೇಳಿಕೊಂಡು ಬಂದಿದ್ದಾರೆ. ೧೯೭೫ರ ತುರ್ತುಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗಳ ಬೆಲೆಗೆ ಮಿತಿ ಬಿದ್ದಾಗ ಅವರು ಪೊಟ್ಟಣದ ಸಿದ್ಧಮಿಶ್ರಣದ ಕಡೆ ತಿರುಗಿದರೆಂಬುದೂ ಅದೇ ಬಗೆಯ ಕಥೆ.

ಸ್ವಾತಂತ್ರ್ಯ ಬಂದ ಮೇಲೆಯೂ ಹಸಿವು ಹಿಂದೆ ಸರಿಯಲಿಲ್ಲ. ೧೯೫೬ರಲ್ಲಿ ಅಮೆರಿಕದೊಡನೆ ಪಿ.ಎಲ್. ೪೮೦ ಒಪ್ಪಂದವಾಗಿ ಹಡಗುಗಳಲ್ಲಿ ಗೋಧಿ ಬರತೊಡಗಿತು. ೧೯೬೫ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡರು. ಆಗ ನಮ್ಮ ಎಷ್ಟೋ ಮನೆಗಳಲ್ಲಿ ಸೋಮವಾರ ರಾತ್ರಿ ಒಲೆ ಹೊತ್ತಲಿಲ್ಲ. ಮರುವರ್ಷ ಸುಮಾರು ೧ ಕೋಟಿ ಟನ್ ಆಹಾರಧಾನ್ಯವನ್ನು ಹೊರಗಿನಿಂದ ತರಿಸಬೇಕಾಯಿತು. ಅನ್ನ ಉಣ್ಣುವ ನಾಡು ಗೋಧಿಯನ್ನು ಏನು ಮಾಡಬೇಕು? ಚಪಾತಿ ಲಟ್ಟಿಸುವುದಕ್ಕೆ ಕೈ ಪಳಗಿರಲಿಲ್ಲ. ಉಪ್ಪಿಟ್ಟು ತಿರುವುವುದಕ್ಕೆ ಪಳಗಿತ್ತು. ಅದೇ ಕಾಲದ ಶಾಲೆಗಳಲ್ಲಿ ‘ಕೇರ್’ ಎಂಬ ಅಮೆರಿಕದ ಸಂಸ್ಥೆ ಒದಗಿಸಿದ ಧಾನ್ಯದಿಂದ ಮಕ್ಕಳಿಗೆ ಉಪ್ಪಿಟ್ಟು ಹಂಚುತ್ತಿದ್ದರು. ನನಗಿಂತ ಹಿರಿಯರಾದ ಸಹೋದ್ಯೋಗಿಗಳು ಅದನ್ನು ನೆನೆಯುವಾಗ ಒಬ್ಬರಾದರೂ ರುಚಿಯ ಮಾತನ್ನು ಆಡಿದ್ದನ್ನು ನಾನು ಕೇಳಿಲ್ಲ. ಗಂಟೆ ಬಾರಿಸುವುದನ್ನೇ ಕಾದು, ತಟ್ಟೆ ಹಿಡಿದು, ಸಾಲಿನಲ್ಲಿ ನಿಂತುದನ್ನೇ ಎಲ್ಲರೂ ಹೇಳುತ್ತಾರೆ. ಶಾಲೆಗೆ ಮಗ್ಗಿ ಅವರನ್ನು ಕರೆದು ತರಲಿಲ್ಲ. ಉಪ್ಪಿಟ್ಟು ಕರೆದು ತಂದಿತು.

ಇಷ್ಟೆಲ್ಲ ಹೇಳಿ ಉಪ್ಪಿಟ್ಟನ್ನು ಮಾಡುವ ಬಗೆ ಹೇಳದಿದ್ದರೆ ಓದುಗರಿಗೆ ಅನ್ಯಾಯವಾದೀತು. ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು. ಉದುರುದುರಾಗಿ ಬೇಕೆನ್ನುವವರಿಗೆ ಎರಡೇ ಸಾಕು. ರವೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯುವುದೇ ಇದರ ಗುಟ್ಟು. ಹುರಿದರೆ ಕಾಳುಕಾಳೂ ಬಿಡಿಯಾಗಿ ಬೇಯುತ್ತದೆ, ಗಂಟು ಕಟ್ಟುವುದಿಲ್ಲ. ಡಬ್ಬಿಯಲ್ಲಿಟ್ಟ ರವೆಗೂ ಬೇಗ ಹುಳು ಬೀಳುವುದಿಲ್ಲ. ಎಣ್ಣೆ ಕಾದ ಮೇಲೆ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಇಂಗು, ಕರಿಬೇವು, ಹಸಿಮೆಣಸಿನಕಾಯಿ. ನೀರು ಮರಳಿದಾಗ ಉಪ್ಪು. ಆಮೇಲೆ ಒಂದು ಕೈಯಲ್ಲಿ ರವೆ ಸುರಿಯುತ್ತ ಇನ್ನೊಂದು ಕೈಯಲ್ಲಿ ತಿರುವುವುದು. ಮುಚ್ಚಿ ಎರಡು ನಿಮಿಷ ಬಿಡುವುದು. ಈರುಳ್ಳಿ, ಕಾಯಿತುರಿ, ನಿಂಬೆರಸ ಇದ್ದರೆ ಸೈ. ಇಲ್ಲದಿದ್ದರೆ ಅವುಗಳಿಗಾಗಿ ಅಂಗಡಿಗೆ ಓಡಬೇಕಾದುದಿಲ್ಲ. ಅವಲಕ್ಕಿಯಾದರೆ ಇದೇ ಒಗ್ಗರಣೆ, ಮಂಡಕ್ಕಿಯಾದರೂ ಇದೇ, ರಾತ್ರಿಯ ಅನ್ನ ಉಳಿದಿದ್ದರೆ ಇದಕ್ಕೇ ಅರಿಸಿನ, ನಿಂಬೆಹುಳಿ ಸೇರಿ ಚಿತ್ರಾನ್ನ. ವಸ್ತು ಬದಲಾದರೂ ಸೌಟು ಬದಲಾಗದು.

ಆ ಒಗ್ಗರಣೆಯ ಸೌಟಿನಲ್ಲಿ ಎಷ್ಟು ದೇಶಗಳು ಕೂಡಿವೆ 보라 ಎನ್ನುವಂತಿದೆ. ಇಂಗು ಆಫ್ಘಾನಿಸ್ತಾನದ ಕಡೆಯದು. ನೆಲಗಡಲೆ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕದ್ದೇ, ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದ ಮೇಲೆ ಅವರ ಮೂಲಕ ಬಂದುದು. ಚಾವುಂಡರಾಯನಿಗೂ ಸೋಮೇಶ್ವರನಿಗೂ ಖಾರವೆಂದರೆ ಕರಿಮೆಣಸು ಒಂದೇ. ಹೊಸ ಕಾಯಿ ಬಂದಾಗ ನಮ್ಮವರು ಅದಕ್ಕೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು, ‘ಮೆಣಸಿನಕಾಯಿ’ ಎಂದು ಕರೆದು ಮನೆಯೊಳಗೆ ಸೇರಿಸಿಕೊಂಡರು. ಹಿತ್ತಿಲಲ್ಲಿ ಎರಡು ಗಿಡ ಹಾಕಿದರೆ ಸಿಗುವ ಖಾರ ಅದು. ಮೆಣಸನ್ನು ಕೊಳ್ಳಲಾರದ ಮನೆಗೂ ರುಚಿ ದೊರೆಯಿತು. ಸಪ್ಪೆಯಾದ ಹಿಟ್ಟನ್ನು, ನಿನ್ನೆಯ ಅನ್ನವನ್ನು, ಮಾನವಾಗಿ ತಟ್ಟೆಗೆ ಬಡಿಸುವಂತೆ ಮಾಡಿದುದು ಈ ಒಂದು ಸೌಟು ಒಗ್ಗರಣೆ.

ಈಗಿನ ಕಾಲಕ್ಕೆ ಬರೋಣ. ಬರಗಾಲಗಳು, ರೇಷನ್ನಿನ ಸಾಲುಗಳು ಹಿಂದಿನ ಮಾತಾದವು. ಹಸಿದ ಬೆಳಗುಗಳು ಇನ್ನೂ ಹಿಂದಿನ ಮಾತಾಗಿಲ್ಲ. ಕಾಲೇಜಿನಲ್ಲಿ ಬೆಳಗಿನ ಮೊದಲ ಅವಧಿ ಹಲವು ವರ್ಷಗಳಿಂದ ನನ್ನದು. ಹಳ್ಳಿಗಳಿಂದ ಮೊದಲ ಬಸ್ಸಿಗೆ ಹೊರಟು ಬರುವ ಹುಡುಗ ಹುಡುಗಿಯರು ಆ ತರಗತಿಯಲ್ಲಿ ಬಹಳ. ರಾಮಧಾನ್ಯಚರಿತೆಯ ಪಾಠ ಮಾಡುವಾಗ, ಬೆಳಿಗ್ಗೆ ಏನಾದರೂ ತಿಂದು ಬಂದವರು ಯಾರು ಎಂದು ಪ್ರತಿ ವರ್ಷ ಕೇಳುತ್ತೇನೆ. ಏಳುವ ಕೈಗಳು ಸ್ವಲ್ಪ. ಹುಡುಗಿಯರ ಕಡೆಯಿಂದ ಇನ್ನೂ ಸ್ವಲ್ಪ. ಮನೆಯಲ್ಲಿ ಇರಲಿಲ್ಲವೇ ಎಂದರೆ, “ಇತ್ತು ಸರ್, ಹೊತ್ತಿರಲಿಲ್ಲ” ಎನ್ನುತ್ತಾರೆ. ತಮ್ಮನಿಗೆ ಕಟ್ಟಿಕೊಟ್ಟು, ಅಂಗಳ ಗುಡಿಸಿ, ನೀರು ಹಿಡಿದು ಬಸ್ಸಿಗೆ ಓಡಿದವಳಿಗೆ ಹೊತ್ತು ಎಲ್ಲಿಂದ ಬರಬೇಕು? ಕಾಲು ಗಂಟೆಯ ಉಪ್ಪಿಟ್ಟಿಗೂ ಕಾಲು ಗಂಟೆ ಬೇಕು.

ಸರ್ಕಾರಗಳಿಗೂ ಈ ಸಂಗತಿ ತಿಳಿಯದೆ ಇಲ್ಲ. ೨೦೧೩ರಲ್ಲಿ ನಮ್ಮ ರಾಜ್ಯದ ಶಾಲಾಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಆರಂಭವಾಯಿತು. ೨೦೧೭ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತೆರೆದ ಇಂದಿರಾ ಕ್ಯಾಂಟೀನುಗಳಲ್ಲಿ ಬೆಳಗಿನ ತಿಂಡಿಗೆ ೫ ರೂಪಾಯಿ ಎಂದು ಗೊತ್ತುಮಾಡಿದರು. ನೆರೆಯ ತಮಿಳುನಾಡಿನಲ್ಲಿ ೨೦೨೨ರ ಸೆಪ್ಟೆಂಬರಿನಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೆಳಗಿನ ತಿಂಡಿಯನ್ನೇ ಕೊಡತೊಡಗಿದರು. ಅದರ ಆರಂಭದ ಪಟ್ಟಿಯಲ್ಲಿ ಮೊದಲಿಗೆ ಕಾಣುತ್ತಿದ್ದುದು ಬಗೆಬಗೆಯ ಉಪ್ಪಿಟ್ಟುಗಳು. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಅಂಗಡಿಗಳಲ್ಲಿ ರಾಗಿಗೆ ಹೊಳೆಯುವ ಪೊಟ್ಟಣ ಬಂದಿತು, ಹೊಳೆಯುವ ಬೆಲೆಯೂ ಬಂದಿತು. ಕನಕದಾಸರ ರಾಗಿ ಈಗ ಎರಡನೆಯ ಸಲ ಸೆರೆಯಿಂದ ಹೊರಬಂದಿದೆ ಎಂದು ಸಂತೋಷಪಡೋಣ. ಆದರೆ ಅದನ್ನು ಉಳಿಸಿಕೊಂಡು ಬಂದವರ ಕೈಗೆ ಎಟುಕದಂತಾದರೆ ಆ ಗೆಲವು ಯಾರದು?

ಅಗ್ಗದ ತಿಂಡಿ ಕೀಳು ತಿಂಡಿಯಲ್ಲ. ಬರ, ಯುದ್ಧ, ರೇಷನ್ನು, ಕಾರ್ಖಾನೆಯ ಶಿಳ್ಳೆ, ಇವೆಲ್ಲ ಬಂದು ಬಾಗಿಲು ತಟ್ಟಿದಾಗ ಮನೆಮಂದಿಯನ್ನು ಖಾಲಿ ಹೊಟ್ಟೆಯಲ್ಲಿ ಹೊರಕ್ಕೆ ಕಳುಹಿಸಲಾರೆನೆಂಬ ಹಟದಿಂದ ಹುಟ್ಟಿದುದು ಅದು. ಆ ಹಟ ಯಾರದೆಂಬುದನ್ನು ಹಳೆಯ ಕಥೆಗಳು ಚೆನ್ನಾಗಿ ಬಲ್ಲವು. ಆಯ್ದಕ್ಕಿ ಮಾರಯ್ಯ ದಿನದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಇಷ್ಟೇಕೆ, ಮಿಕ್ಕುದನ್ನು ಅಲ್ಲಿಯೇ ಸುರಿದು ಬಾ ಎಂದವಳು ಲಕ್ಕಮ್ಮ. ಎಷ್ಟಿದ್ದರೆ ಸಾಕೆಂಬ ಲೆಕ್ಕ ಡಬ್ಬಿಯನ್ನು ತೆರೆಯುವ ಕೈಗೆ ಗೊತ್ತು. ಲಕ್ಕಮ್ಮನಿಗಾದರೂ ಹೆಸರುಳಿಯಿತು. ನಾಲ್ಕು ಮನೆ ತಿರುಗಿ ನಾಲ್ಕು ಹಿಡಿ ಅವಲಕ್ಕಿ ತಂದವಳ ಹೆಸರನ್ನು ಭಾಗವತ ಹೇಳುವುದಿಲ್ಲ. ಅದರಲ್ಲಿ ಒಂದು ಹಿಡಿಯನ್ನು ಕೃಷ್ಣ ತಿಂದನೆಂದು ಹೇಳುತ್ತದೆ. ಅವಳು ಆ ಬೆಳಿಗ್ಗೆ ಏನು ತಿಂದಳೆಂದು ಹೇಳುವುದಿಲ್ಲ.